ಸ್ಪ್ಯಾನಿಷ್‌ನ ‘ಹಬ್ಲಾರ್’ಗೂ ನಮ್ಮ ‘ಹೇಳು’ಗೂ ನೆಂಟಸ್ತಿಕೆ ಇದೆಯಾ?

ಅ_ಆ_ಇ_ಸ್ಪ್ಯಾನಿಷ್

ಎಲ್ಲರಿಗೂ ನಮಸ್ಕಾರ. ಈಚೆಗೆ ಸ್ಪ್ಯಾನಿಷ್ ಕಲಿಯಲು ಶುರು ಮಾಡಿದ್ದೇನೆ. ಯಾವ ಪುಸ್ತಕ ತೆರೆದರೂ ಮೊದಲು ಸಿಗುವ ಕ್ರಿಯಾಪದ ‘ಹಬ್ಲಾರ್’, ಅಂದರೆ ಮಾತಾಡು. ಹಬ್ಲೊ ಅಂದರೆ ಮಾತಾಡುತ್ತೇನೆ, ಹಬ್ಲಾಸ್ ಅಂದರೆ ಮಾತಾಡುತ್ತೀಯ. ಬರೆಯುವಾಗ ಹ ಇದೆ, ಓದುವಾಗ ಇಲ್ಲ. ‘ಅಬ್ಲಾರ್’ ಅನ್ನಬೇಕಂತೆ. (ಇಲ್ಲಿ ನಾನು ಬರಹದಲ್ಲಿರುವ ಹಾಗೆ ಹ ಹಾಕಿಯೇ ಬರೆಯುತ್ತೇನೆ.)

ನನ್ನ ಪ್ರಶ್ನೆ ಎರಡು. ಒಂದು, ಉಚ್ಚಾರವೇ ಇಲ್ಲದ ಮೇಲೆ ಆ ಹ ಅಲ್ಲಿ ಯಾಕೆ ಕೂತಿದೆ? ಎರಡು, ಹೇಳು ಮತ್ತು ಹಬ್ಲಾರ್ ಎರಡರಲ್ಲೂ ಮೊದಲು ಹ, ಆಮೇಲೆ ಲಕಾರದ ಜಾತಿಯ ಅಕ್ಷರ, ಅರ್ಥವೂ ಹೆಚ್ಚುಕಡಿಮೆ ಅದೇ. ಸಂಬಂಧ ಇದೆಯಾ, ಸುಮ್ನೆ ಕಾಕತಾಳೀಯವಾ?

ಹಳೆಗನ್ನಡದ_ಹುಚ್ಚು

ಒಳ್ಳೆ ಪ್ರಶ್ನೆ. ಎರಡನೆಯದಕ್ಕೆ ಮೊದಲು ಉತ್ತರ: ರಕ್ತಸಂಬಂಧ ಇಲ್ಲ. ಆದರೆ ಇಬ್ಬರೂ ನಡೆದು ಬಂದ ದಾರಿ ಮಾತ್ರ ವಿಚಿತ್ರವಾಗಿ ಒಂದೇ.

ಹಬ್ಲಾರ್‌ನ ಮೂಲ ಲ್ಯಾಟಿನ್ನಿನ ‘ಫಾಬುಲಾರಿ’. ಹರಟು, ಕಥೆ ಹೇಳು ಅಂತ ಅರ್ಥ. ಅದು ‘ಫಾಬುಲಾ’, ಅಂದರೆ ಕಥೆ, ಅನ್ನುವ ಪದದಿಂದ ಬಂದದ್ದು. ಓದುಬರಹದವರ ಲ್ಯಾಟಿನ್ನಿನಲ್ಲಿ ಮಾತಾಡು ಅನ್ನುವುದಕ್ಕೆ ‘ಲೋಕ್ವಿ’ ಅನ್ನುತ್ತಿದ್ದರು. ಫಾಬುಲಾರಿ ಜನರ ಬಾಯಿಮಾತು. ಪ್ಲಾಟಸ್ ಎಂಬ ಹಾಸ್ಯನಾಟಕಕಾರನ ಪಾತ್ರಗಳ ಬಾಯಲ್ಲಿ ಸಿಗುತ್ತದೆ. ಲೋಕ್ವಿ ಜನರ ಬಾಯಿಂದ ಮಾಯವಾಯಿತು, ಹರಟೆಯ ಪದ ಉಳಿಯಿತು.

ಹಳೆಯ ಸ್ಪ್ಯಾನಿಷ್‌ನಲ್ಲಿ ಇದು ‘ಫಬ್ಲಾರ್’. ಸಿದ್ ಎಂಬ ವೀರನ ಮೇಲಿನ ಹಳೆಯ ಕಾವ್ಯದಲ್ಲಿ ‘ಫಬ್ಲೋ ಮಿಯೊ ಸಿದ್’ ಅಂತಲೇ ಬರುತ್ತದೆ, ‘ನನ್ನ ಸಿದ್ ನುಡಿದ’ ಅಂತ. ಆಮೇಲೆ ಪದದ ಮೊದಲಲ್ಲಿದ್ದ ಫ ಸಡಿಲವಾಗಿ ಹ ಆಯಿತು. ಇನ್ನೂ ಸ್ವಲ್ಪ ಕಾಲಕ್ಕೆ ಆ ಹ ಕೂಡ ಬಾಯಿಂದ ಬಿದ್ದುಹೋಯಿತು, ಬರಹದಲ್ಲಿ ಉಳಿಯಿತು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಷ್ಟೇ.

ಈಗ ನಮ್ಮ ಕಡೆ ನೋಡಿ. ಹೇಳು ಅನ್ನುವುದು ಪಂಪನ ಕಾಲದಲ್ಲಿ ‘ಪೇೞ್’. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು, ಪೊಯ್ಸಳರು ಹೊಯ್ಸಳರಾದರು. ಅವರಲ್ಲಿ ಫ, ನಮ್ಮಲ್ಲಿ ಪ. ತುಟಿಯಲ್ಲಿ ಹುಟ್ಟುವ ಎರಡೂ ಅಕ್ಷರ ಗಂಟಲಿಗೆ ಹೋಗಿ ಹ ಆದವು. ಕಾಲವೂ ತೀರಾ ದೂರವಿಲ್ಲ. ನಮ್ಮ ಶಾಸನಗಳಲ್ಲಿ 10ನೇ ಶತಮಾನದ ಸುಮಾರಿಗೆ ಹ ಇಣುಕುತ್ತದೆ. ಬರುಬರುತ್ತಾ ಅದೇ ರೂಢಿ.

ಎಲ್ಲಾ_ಕನ್ನಡವೇ

ಸಂಬಂಧ ಇಲ್ಲ ಅಂತ ಅಷ್ಟು ಬೇಗ ತೀರ್ಪು ಕೊಡಬೇಡಿ ಸರ್. ರೋಮನ್ನರು ನಮ್ಮ ಕರಾವಳಿಗೆ ವ್ಯಾಪಾರಕ್ಕೆ ಬರುತ್ತಿದ್ದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದೆ. ಬಂದವರು ಮೆಣಸು ಮಾತ್ರ ಒಯ್ದರಾ? ಮಾತು ಒಯ್ಯಲಿಲ್ಲವಾ? ಪೇೞ್, ಫಾಬುಲ್: ಕಣ್ಣಿಗೆ ಕಾಣುತ್ತಿದೆಯಲ್ಲ.

ಹಳೆಗನ್ನಡದ_ಹುಚ್ಚು

ಚಂದ್ರವಳ್ಳಿಯ ನಾಣ್ಯ ನಿಜ. ಆದರೆ ಫಾಬುಲಾರಿ ಪದವನ್ನು ಬಿಚ್ಚಿ ನೋಡಿ. ‘ಫಾ’ ಅಷ್ಟೇ ಧಾತು. ‘ಫಾರಿ’ ಅಂದರೆ ನುಡಿ. ‘ಬುಲಾ’ ಅನ್ನುವುದು ಹೆಸರುಪದ ಮಾಡಲು ಹಚ್ಚಿದ ಪ್ರತ್ಯಯ. ಅಂದರೆ ನಮಗೆ ಹೇಳುವಿನ ಳಕಾರದಂತೆ ಕಾಣುವ ಆ ಲ ಧಾತುವಿನದ್ದೇ ಅಲ್ಲ, ಬಾಲದ್ದು.

ಈ ಕಡೆ ಪೇೞ್‌ನ ಕೊನೆಯಲ್ಲಿರುವುದು ಲಕಾರವೂ ಅಲ್ಲ, ಳಕಾರವೂ ಅಲ್ಲ. ತಮಿಳಿನಲ್ಲಿ, ಮಲಯಾಳದಲ್ಲಿ ಇವತ್ತಿಗೂ ಇರುವ ೞ. ಅದು ಕನ್ನಡದಲ್ಲಿ ಆಮೇಲೆ ಳ ಆಗಿ ಕರಗಿತು. ಹಿಂದಕ್ಕೆ ಹೋದಷ್ಟೂ ಒಂದು ಪದ ‘ಫಾ’ ಆಗುತ್ತದೆ, ಇನ್ನೊಂದು ‘ಪೇೞ್’ ಆಗುತ್ತದೆ. ನಿಜವಾದ ನೆಂಟರಾಗಿದ್ದರೆ ಹಿಂದೆ ಹೋದಂತೆ ಹತ್ತಿರ ಆಗಬೇಕಿತ್ತು. ಇವು ದೂರ ಆಗುತ್ತವೆ. ಈಗಿನ ರೂಪ ಇಟ್ಟುಕೊಂಡು ಹೋಲಿಸಿದರೆ ಯಾವ ಭಾಷೆಗೂ ಯಾವ ಭಾಷೆಯನ್ನೂ ಗಂಟು ಹಾಕಬಹುದು.

ವ್ಯಾಪಾರದ ಜೊತೆ ಪದ ಹೋಗುತ್ತದೆ, ನಿಜ. ಸರಕಿನ ಹೆಸರು ಸರಕಿನ ಜೊತೆ ಹೋಗುತ್ತದೆ. ಸ್ಪ್ಯಾನಿಷ್‌ನ ಸಕ್ಕರೆ ‘ಅಸೂಕರ್’. ನಮ್ಮ ಸಕ್ಕರೆಯ ಹಾಗೆ ಅದೂ ಸಂಸ್ಕೃತದ ಶರ್ಕರಾ ಮನೆತನದ್ದೇ. ಪರ್ಷಿಯನ್, ಅರಬ್ಬಿ ಸುತ್ತಿಕೊಂಡು ಅಲ್ಲಿ ತಲುಪಿತು. ಕಿತ್ತಳೆ ಹಣ್ಣಿನ ‘ನರಾಂಖಾ’ ನಮ್ಮ ಕಡೆಯ ನಾರಂಗ. ಶುಂಠಿಯ ಹೆಸರೂ ಹಾಗೇ ಹೋದದ್ದು. ಆದರೆ ಮೆಣಸು ಕೊಳ್ಳಲು ಬಂದವನು ‘ಮಾತಾಡು’ ಅನ್ನುವ ಪದಕ್ಕೆ ಯಾಕೆ ಸಾಲ ಮಾಡುತ್ತಾನೆ? ಅದು ಅವನ ಮನೆಯಲ್ಲೇ ಇತ್ತಲ್ಲ.

ಎಲ್ಲಾ_ಕನ್ನಡವೇ

ನಿಮ್ಮ ಅಭಿಪ್ರಾಯ ನಿಮಗೆ, ನನ್ನದು ನನಗೆ. ಇತಿಹಾಸ ಇನ್ನೂ ಪೂರ್ತಿ ಅಗೆದಿಲ್ಲ.

ಪಿಲಿನಲಿಕೆ

ಅಗೆಯುವುದು ಆಮೇಲೆ ಮಾರಾಯ್ರೆ. ಈ ಪ ಹ ಕಥೆ ನೋಡಬೇಕಾದರೆ ಮಂಗಳೂರಿಗೆ ಬನ್ನಿ ಸಾಕು. ನೀವು ಹುಲಿ ಅನ್ನುತ್ತೀರಿ, ನಾವು ತುಳುವಿನಲ್ಲಿ ಪಿಲಿ. ನಿಮ್ಮ ಹೂ ನಮಗೆ ಪೂ. ಹೊಸ ಅನ್ನುವುದು ಪೊಸ, ಹತ್ತು ಅನ್ನುವುದು ಪತ್ತ್. ಪಕ್ಕದ ಮನೆಯವರು ಬದಲಾದರು, ನಾವು ಹಾಗೇ ಕೂತೆವು.

ಸ್ಪೇನ್ ಪಕ್ಕದ ಪೋರ್ಚುಗಲ್‌ನದ್ದೂ ಇದೇ ಕಥೆ ಅಲ್ವಾ? ಅಲ್ಲಿ ಮಾತಾಡು ಅನ್ನುವುದಕ್ಕೆ ‘ಫಲಾರ್’ ಅಂತಾರೆ ಅಂತ ಕೇಳಿದ್ದೇನೆ.

ವೇಲೆನ್ಸಿಯಾ_ವಾಸಿ

ಹೌದು, ಫಲಾರ್. ಅದೇ ಫಾಬುಲಾರಿ, ನಡುವಿನ ಬ ಉದುರಿದೆ, ಮೊದಲ ಫ ಗಟ್ಟಿಯಾಗಿ ಕೂತಿದೆ. ನಾನು ಸ್ಪೇನಿನಲ್ಲಿ ಇರುವವನು, ಎರಡೂ ಭಾಷೆಯವರ ಜೊತೆ ಕೆಲಸ. ಪೋರ್ಚುಗೀಸ್ ಓದಲು ನಾನು ಬಳಸುವ ಉಪಾಯವೇ ಇದು: ಫ ಕಂಡರೆ ತೆಗೆದು ಹ ಹಾಕಿ ನೋಡುವುದು. ಮಾಡು: ಫಜೇರ್, ಹಸೇರ್. ಹಿಟ್ಟು: ಫರೀನ್ಯಾ, ಹರೀನಾ. ಇರುವೆ: ಫುರ್ಮೀಗಾ, ಹೋರ್ಮೀಗಾ. ಮಗ: ಫಿಲ್ಯು, ಹಿಖೊ. ಹೊಗೆ: ಫೂಮು, ಹೂಮೊ.

ಸ್ಪೇನಿನ ಒಳಗೂ ಎಲ್ಲರೂ ಬದಲಾಗಲಿಲ್ಲ. ಅರಗಾನ್ ಪ್ರಾಂತ್ಯದ ಹಳೆಯ ಭಾಷೆಯಲ್ಲಿ ಈಗಲೂ ಫಬ್ಲಾರ್. ಆ ಭಾಷೆಯನ್ನೇ ಜನ ಬಾಯಿಮಾತಿನಲ್ಲಿ ‘ಫಬ್ಲಾ’ ಅಂತ ಕರೆಯುತ್ತಾರೆ. ಹ ಆದದ್ದು ಉತ್ತರದ ಕ್ಯಾಸ್ಟೈಲ್ ಸೀಮೆಯಲ್ಲಿ. ಆ ರಾಜ್ಯ ದಕ್ಷಿಣಕ್ಕೆ ಬೆಳೆಯಿತು, ಅದರ ಮಾತೂ ಬೆಳೆಯಿತು. ಇವತ್ತು ಪ್ರಪಂಚ ‘ಸ್ಪ್ಯಾನಿಷ್’ ಅನ್ನುವುದು ಆ ಸೀಮೆಯ ಮಾತನ್ನೇ.

ನಾನಿರುವ ವೇಲೆನ್ಸಿಯಾದಲ್ಲಿ ಇನ್ನೊಂದು ಮಜಾ. ಇಲ್ಲಿನ ಸ್ಥಳೀಯ ಭಾಷೆ ಕಟಲಾನ್ ಬಳಗದ್ದು. ಅದರಲ್ಲಿ ಮಾತಾಡು ಅನ್ನುವುದು ‘ಪಾರ್ಲಾರ್’. ಒಂದೇ ಅಂಗಡಿಯಲ್ಲಿ ಒಬ್ಬರು ಪಾರ್ಲಾರ್ ಅಂತಾರೆ, ಪಕ್ಕದವರು ಹಬ್ಲಾರ್ ಅಂತಾರೆ. ಫ್ರೆಂಚರ ಪಾರ್ಲೆ, ಇಟಲಿಯವರ ಪಾರ್ಲಾರೆ ಅದೇ ಗುಂಪು. ಅದು ಫಾಬುಲಾರಿ ಅಲ್ಲ, ಗ್ರೀಕ್‌ನ ‘ಪರಬೊಲೆ’ ಇಂದ ಬಂದದ್ದು. ಪರಬೊಲೆ ಅಂದರೆ ಹೋಲಿಕೆ, ಸಾಮತಿ. ಯೇಸು ಹೇಳಿದ ಸಾಮತಿ ಕಥೆಗಳಿಗೆ ಇದೇ ಹೆಸರು. ಚರ್ಚಿನ ಮೂಲಕ ಆ ಪದ ಜನರಿಗೆ ಬಂತು, ಕೊನೆಗೆ ‘ಮಾತು’ ಆಯಿತು.

ಒಟ್ಟಿನಲ್ಲಿ ಲ್ಯಾಟಿನ್ನಿನ ಮಕ್ಕಳು ಮಾತಾಡು ಅನ್ನಲು ಆರಿಸಿಕೊಂಡ ಎರಡು ಪದವೂ ‘ಕಥೆ ಹೇಳು’ ಅನ್ನುವುದರಿಂದಲೇ ಬಂದವು. ಸ್ಪ್ಯಾನಿಷ್ ಎರಡನ್ನೂ ಇಟ್ಟುಕೊಂಡಿದೆ. ಮಾತಾಡುವುದಕ್ಕೆ ಹಬ್ಲಾರ್, ಪದ ಅನ್ನುವುದಕ್ಕೆ ‘ಪಲಾಬ್ರಾ’. ಪಲಾಬ್ರಾ ಅಂದರೆ ಅದೇ ಪರಬೊಲೆ, ರ ಮತ್ತು ಲ ಜಾಗ ಬದಲಾಯಿಸಿವೆ.

ಅ_ಆ_ಇ_ಸ್ಪ್ಯಾನಿಷ್

ಪಲಾಬ್ರಾ ಮೊನ್ನೆಯಷ್ಟೇ ಕಲಿತೆ! ಆದರೆ ಒಂದು ತಕರಾರು. ಫ ಎಲ್ಲಾ ಹ ಆಯಿತು ಅಂದಿರಿ. ಹಾಗಾದರೆ ಫುಯೆಗೊ (ಬೆಂಕಿ), ಫ್ರೀಯೊ (ಚಳಿ), ಫಮೀಲಿಯಾ, ಫಾಬುಲಾ ಇವೆಲ್ಲ ಹೇಗೆ ಉಳಿದವು?

ಹಳೆಗನ್ನಡದ_ಹುಚ್ಚು

ನಾನು ಕಾಯುತ್ತಿದ್ದ ಪ್ರಶ್ನೆ. ಎರಡು ಬೇರೆ ಬೇರೆ ಕಾರಣ.

ಫುಯೆಗೊ, ಫ್ರೀಯೊ ಉಳಿದದ್ದು ಅಕ್ಕಪಕ್ಕದವರ ಬಲದಿಂದ. ಫ ಆದಮೇಲೆ ‘ಉಯೆ’ ಬಂದರೆ ಅಥವಾ ರ ಬಂದರೆ ತುಟಿಯ ಹಿಡಿತ ಬಿಡಲಿಲ್ಲ. ನಮ್ಮಲ್ಲೂ ಪಕಾರ ಎಲ್ಲಾ ಕಡೆ ಸೋಲಲಿಲ್ಲ. ಇದಕ್ಕೆ ನಮ್ಮ ಮಗ್ಗಿಗಿಂತ ಒಳ್ಳೆ ಸಾಕ್ಷಿ ಬೇಡ. ಪತ್ತು ಹತ್ತಾಯಿತು. ಆದರೆ ಇಪ್ಪತ್ತು ‘ಇಹ್ಹತ್ತು’ ಆಗಲಿಲ್ಲ. ಒತ್ತಿನ ಪ್ಪ ಗಟ್ಟಿ. ಎಪ್ಪತ್ತು ಹಾಗೇ. ಎರಡು ಸ್ವರದ ನಡುವೆ ಸಿಕ್ಕಿಬಿದ್ದಾಗ ವ ಆಯಿತು: ಮೂವತ್ತು, ಅರವತ್ತು. ಮಕಾರದ ಪಕ್ಕ ಬಂದಾಗ ಬ: ಎಂಬತ್ತು, ತೊಂಬತ್ತು. ಒಂದೇ ‘ಪತ್ತು’ ಹತ್ತರಿಂದ ತೊಂಬತ್ತರೊಳಗೆ ನಾಲ್ಕು ವೇಷ ಹಾಕಿದೆ. ದಿನಾ ಎಣಿಸುತ್ತೇವೆ, ಕಣ್ಣಿಗೇ ಬೀಳುವುದಿಲ್ಲ.

ಹಂಪೆಯನ್ನೂ ನೋಡಿ. ಪಂಪಾ ಅನ್ನುವುದರಲ್ಲಿ ಎರಡು ಪಕಾರ. ಮೊದಲನೆಯದು ಹ ಆಯಿತು, ಮಕಾರಕ್ಕೆ ಅಂಟಿಕೊಂಡ ಎರಡನೆಯದು ಉಳಿಯಿತು.

ಸ್ಪ್ಯಾನಿಷ್‌ನಲ್ಲೂ ಸ್ವರಗಳ ನಡುವೆ ಸಿಕ್ಕ ಫ ಬೇರೆ ವೇಷ ಹಾಕಿದ್ದಿದೆ. ಸ್ತೆಫಾನುಸ್ ಎಂಬ ಹೆಸರು ಅಲ್ಲಿ ಎಸ್ತೆಬಾನ್. ಊಟಕ್ಕೆ ಕೂತವರಿಗೆ ‘ಬುಯೆನ್ ಪ್ರೊವೆಚೊ’ ಅನ್ನುತ್ತಾರಲ್ಲ, ಆ ಪ್ರೊವೆಚೊ ಲ್ಯಾಟಿನ್ನಿನ ಪ್ರೊಫೆಕ್ತುಸ್. ನಮ್ಮ ಮೂವತ್ತಿನ ಅಣ್ಣತಮ್ಮ.

ಎರಡನೆಯ ಕಾರಣ: ಫಮೀಲಿಯಾ, ಫಾಬುಲಾ ಪುಸ್ತಕದ ಪದಗಳು. ಓದಿದವರು ಲ್ಯಾಟಿನ್ನಿನಿಂದ ಆಮೇಲೆ ನೇರವಾಗಿ ಎತ್ತಿ ತಂದವು. ಹಾಗಾಗಿ ಒಂದೇ ಮೂಲದ ಎರಡು ಪದ ಒಂದೇ ಮನೆಯಲ್ಲಿ ಇವೆ. ಜನರ ಬಾಯಲ್ಲಿ ಸವೆದು ಬಂದ ಹಬ್ಲಾರ್, ಪುಸ್ತಕದಿಂದ ಇಳಿದ ಫಾಬುಲಾ. ನಮ್ಮಲ್ಲಿ ಹಬ್ಬ ಮತ್ತು ಪರ್ವ, ಹಕ್ಕಿ ಮತ್ತು ಪಕ್ಷಿ, ಹವಳ ಮತ್ತು ಪ್ರವಾಳ ಇದ್ದ ಹಾಗೆ. ಶಾಲೆಯಲ್ಲಿ ತತ್ಸಮ, ತದ್ಭವ ಅಂತ ಬಾಯಿಪಾಠ ಮಾಡಿಸಿದ್ದು ಇದನ್ನೇ.

ಮಂಡ್ಯ_ಆಲೆಮನೆ

ನೀವೆಲ್ಲ ಪ ಹೋಗಿ ಹ ಬಂತು ಅಂತಲೇ ನಿಂತಿದ್ದೀರಿ. ನಮ್ಮ ಕಡೆ ಆ ಹ ಕೂಡ ಹೋಗಿ ಎಷ್ಟೋ ಕಾಲ ಆಯಿತು ಗುರು. ನಮ್ಮಜ್ಜಿಗೆ ಹಾಲು ‘ಆಲು’, ಹಸು ‘ಅಸು’, ಹಳ್ಳಿ ‘ಅಳ್ಳಿ’, ಹೇಳು ‘ಏಳು’. ಹಬ್ಲಾರ್ ಅಬ್ಲಾರ್ ಆದದ್ದು ನಮಗೆ ಹೊಸದಲ್ಲ. ಬೆಂಗಳೂರಿನವರು ಇದಕ್ಕೇ ನಗುತ್ತಾರೆ. ಸ್ಪೇನಿನವರು ಮಾಡಿದರೆ ವ್ಯಾಕರಣ, ನಾವು ಮಾಡಿದರೆ ಹಾಸ್ಯ.

ವೇಲೆನ್ಸಿಯಾ_ವಾಸಿ

ಈ ಮಾತಿಗೆ ಹತ್ತು ಲೈಕ್! ಸ್ಪೇನಿನಲ್ಲಿ ನಗುವುದು ತಿರುವುಮುರುವು. 16ನೇ ಶತಮಾನದಲ್ಲಿ ಟೊಲೆಡೊ ಊರಿನ ಶಿಷ್ಟರು ಹ ಉಚ್ಚರಿಸುತ್ತಿದ್ದರು, ಉತ್ತರದ ಹಳೆ ಕ್ಯಾಸ್ಟೈಲ್‌ನವರು ಬಿಡುತ್ತಿದ್ದರು. 1492ರಲ್ಲಿ ನೆಬ್ರಿಹಾ ಸ್ಪ್ಯಾನಿಷ್ ವ್ಯಾಕರಣ ಬರೆದಾಗಲೂ ಹ ಜೀವಂತ ಅಕ್ಷರ. 1561ರಲ್ಲಿ ಎರಡನೇ ಫಿಲಿಪ್ ಆಸ್ಥಾನವನ್ನು ಮ್ಯಾಡ್ರಿಡ್‌ಗೆ ತಂದ. ಅಲ್ಲಿಗೆ ಉತ್ತರದವರು ಗುಂಪುಗುಂಪಾಗಿ ಬಂದರು. ಹ ಇಲ್ಲದ ಮಾತೇ ದೊಡ್ಡವರ ಮಾತಾಯಿತು. ಈಗ ಆಂಡಲೂಸಿಯಾ, ಎಕ್ಸ್‌ಟ್ರೆಮದೂರಾದ ಹಳ್ಳಿಗಳಲ್ಲಿ ಯಾರಾದರೂ ಮುದುಕರು ಹ ಎಳೆದು ‘ಖಬ್ಲಾರ್’ ಅಂದರೆ ಪೇಟೆಯವರಿಗೆ ನಗು. ಅಂದರೆ ಮಂಡ್ಯದವರು ರಾಜಧಾನಿ ಹಿಡಿದಿದ್ದರೆ ನಾವೆಲ್ಲ ಇವತ್ತು ಆಲು ಕುಡಿಯುತ್ತಿದ್ದೆವು.

ಫ್ಲಮೆಂಕೊ ಹಾಡಿನಲ್ಲಿ ‘ಕಾಂತೆ ಖೋಂದೊ’ ಅಂತ ಒಂದು ಪ್ರಕಾರ ಇದೆ. ಖೋಂದೊ ಅಂದರೆ ಆಳವಾದ. ಪುಸ್ತಕದ ಸ್ಪ್ಯಾನಿಷ್‌ನಲ್ಲಿ ‘ಹೋಂದೊ’, ಹ ಮೌನ. ಹಾಡುಗಾರರು ದಕ್ಷಿಣದವರು, ಅವರ ಬಾಯಿಯ ಹ ಆ ಹೆಸರಿನಲ್ಲಿ ಉಳಿದುಬಿಟ್ಟಿತು.

ಹ ಬಿದ್ದದ್ದರಿಂದ ಇಲ್ಲಿನ ಮಕ್ಕಳಿಗೂ ಕಷ್ಟ ತಪ್ಪಿಲ್ಲ. ‘ಹೆಚೊ’ ಅಂದರೆ ಮಾಡಿದ್ದು, ‘ಎಚೊ’ ಅಂದರೆ ಹಾಕುತ್ತೇನೆ. ಕೇಳಲು ಎರಡೂ ಒಂದೇ. ಪರೀಕ್ಷೆಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ದೊಡ್ಡವರೂ ಅದಲು ಬದಲು ಮಾಡುತ್ತಾರೆ.

ಮಂಡ್ಯ_ಆಲೆಮನೆ

ನಮ್ಮಲ್ಲಿ ಅಕ್ಕಿ ಮತ್ತು ಹಕ್ಕಿ! ಶಾಲೆಗೆ ಹೋಗಿ ತಿದ್ದಿಸಿಕೊಂಡವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆನೆಗೂ ಹ ಸೇರಿಸಿ ‘ಹಾನೆ’ ಅನ್ನುತ್ತಾರೆ.

ಧಾರವಾಡ_ಪೇಡೆ

ಒಂದು ಸಂದೇಹರೀ. ನಮ್ಮ ಆಫೀಸಿನಲ್ಲಿ ಮೆಕ್ಸಿಕೋ ಕಡೆಯ ಒಬ್ಬರು ಫರ್ನಾಂಡೆಜ್, ಇನ್ನೊಬ್ಬರು ಹರ್ನಾಂಡೆಜ್. ಅದೂ ಇದೇ ಲೆಕ್ಕವೇನು?

ಹಳೆಗನ್ನಡದ_ಹುಚ್ಚು

ಇದೇ ಲೆಕ್ಕ. ಫರ್ನಾಂಡೊ, ಹರ್ನಾಂಡೊ ಒಂದೇ ಹೆಸರು. ಮೆಕ್ಸಿಕೋ ಗೆದ್ದ ಕೊರ್ತೆಸ್‌ನನ್ನು ಹರ್ನಾನ್, ಹರ್ನಾಂಡೊ, ಫರ್ನಾಂಡೊ ಮೂರೂ ರೀತಿ ಕರೆದಿದ್ದಾರೆ. ಪೊಯ್ಸಳ, ಹೊಯ್ಸಳ ಎರಡೂ ಶಾಸನದಲ್ಲಿ ಸಿಗುವ ಹಾಗೆ. ಡಾನ್ ಕ್ವಿಕ್ಸೋಟ್ (1605) ಬರೆದ ಸೆರ್ವಾಂಟಿಸ್‌ ಇದನ್ನು ನಗಿಸಲು ಬಳಸಿದ. ಅವನ ನಾಯಕನಿಗೆ ಹಳೆಯ ವೀರಗಾಥೆಗಳನ್ನು ಓದಿ ತಲೆ ಕೆಟ್ಟಿದೆ. ದಾರಿಹೋಕರ ಎದುರು ನಿಂತು, ಎಲ್ಲರೂ ಹ ಅನ್ನುವ ಕಾಲದಲ್ಲಿ ಅವನು ಹಳೇ ಫಕಾರ ಹಾಕಿ ಮಾತಾಡುತ್ತಾನೆ. ಈಗ ಯಾರಾದರೂ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಎಲೈ ನಿರ್ವಾಹಕನೇ, ಪೇೞ್’ ಅಂದ ಹಾಗೆ.

ಪಿಲಿನಲಿಕೆ

ಎಲ್ಲಾ ಸರಿ, ಆದರೆ ಯಾಕೆ ಆಯಿತು? ಪಕ್ಕದ ಪೋರ್ಚುಗೀಸರಿಗೆ ಆಗದ್ದು ಇವರಿಗೆ ಮಾತ್ರ ಯಾಕೆ?

ವೇಲೆನ್ಸಿಯಾ_ವಾಸಿ

ಇಲ್ಲಿ ಪಂಡಿತರು ಇನ್ನೂ ಜಗಳ ಆಡುತ್ತಿದ್ದಾರೆ. ಮೆನೆಂದೆಸ್ ಪಿದಾಲ್ ಎಂಬ ದೊಡ್ಡ ವಿದ್ವಾಂಸರು ಬಾಸ್ಕ್ ಜನರ ಕಡೆ ಬೆರಳು ತೋರಿಸಿದರು. ಕ್ಯಾಸ್ಟೈಲ್ ಭಾಷೆ ಹುಟ್ಟಿದ್ದು ಬಾಸ್ಕ್ ಸೀಮೆಯ ಪಕ್ಕದಲ್ಲಿ. ಬಾಸ್ಕ್ ಭಾಷೆಯಲ್ಲಿ ಹಿಂದೆ ಫಕಾರವೇ ಇರಲಿಲ್ಲ. ಲ್ಯಾಟಿನ್ನಿನ ‘ಫಾಗುಸ್’ ಎಂಬ ಮರದ ಹೆಸರು ಅವರ ಬಾಯಲ್ಲಿ ‘ಬಾಗೊ’, ‘ಪಾಗೊ’. ಫ ಬಾರದವರು ಲ್ಯಾಟಿನ್ ಕಲಿತಾಗ ಹ ಹುಟ್ಟಿತು ಅನ್ನುವ ವಾದ. ಫ್ರಾನ್ಸಿನ ಕಡೆ ಬಾಸ್ಕ್ ಸೀಮೆಗೆ ಅಂಟಿಕೊಂಡಿರುವ ಗ್ಯಾಸ್ಕನಿಯಲ್ಲೂ ಫ ಹೋಗಿ ಹ ಆಗಿದೆ, ಮಗನಿಗೆ ‘ಹಿಲ್’ ಅಂತಾರೆ. ಇದು ಬಲವಾದ ಸಾಕ್ಷಿ.

ಎದುರು ಪಕ್ಷದವರು ಅರಗಾನ್, ನವಾರ್ ತೋರಿಸುತ್ತಾರೆ. ಅವೂ ಬಾಸ್ಕರ ಪಕ್ಕದವೇ, ಅಲ್ಲಿನ ಹಳೆಯ ಮಾತಿನಲ್ಲಿ ಫ ಉಳಿಯಿತಲ್ಲ?

ಹಳೆಗನ್ನಡದ_ಹುಚ್ಚು

ನನಗಂತೂ ಬಾಸ್ಕರನ್ನು ಪೂರ್ತಿ ಹೊಣೆ ಮಾಡುವುದು ಒಪ್ಪಿಗೆಯಾಗುವುದಿಲ್ಲ. ನಮ್ಮ ಪ ಹ ಆಗಲು ಯಾವ ಬಾಸ್ಕರೂ ಬರಲಿಲ್ಲ. ಜಪಾನಿಯಲ್ಲೂ ಹಳೆಯ ಪ ನಿಧಾನವಾಗಿ ಹ ಆಗಿದೆ. ಆರ್ಮೇನಿಯನ್ನರ ಅಪ್ಪ ‘ಹಾಯ್ರ್’, ನಮ್ಮ ಸಂಸ್ಕೃತದ ಪಿತೃವಿನ ನೆಂಟ. ತುಟಿ ಪೂರ್ತಿ ಮುಚ್ಚುವುದು ಶ್ರಮ, ಸ್ವಲ್ಪ ಸಡಿಲ ಬಿಟ್ಟರೆ ಉಸಿರು ಮಾತ್ರ ಉಳಿಯುತ್ತದೆ. ಪಕ್ಕದವರು ಒಂದು ತಳ್ಳು ಕೊಟ್ಟಿರಬಹುದು, ಇಳಿಜಾರು ಮೊದಲೇ ಇತ್ತು.

ಅ_ಆ_ಇ_ಸ್ಪ್ಯಾನಿಷ್

ಈ ‘ಫಾ’ ಧಾತುವಿಗೆ ಬೇರೆ ಮಕ್ಕಳು ಇದ್ದಾರಾ?

ವೇಲೆನ್ಸಿಯಾ_ವಾಸಿ

ದೊಡ್ಡ ಕುಟುಂಬ. ಬಾಯಿಗೆ ಬಂದಷ್ಟು ಹೇಳುತ್ತೇನೆ. ಮಾತು ಬಾರದ ಕೂಸು ‘ಇನ್‌ಫಾನ್ಸ್’. ಅದರಿಂದ ಸ್ಪ್ಯಾನಿಷ್‌ನ ಇನ್‌ಫಾಂತೆ, ಈಗ ರಾಜನ ಮಕ್ಕಳ ಬಿರುದು. ಕಾಲಾಳು ಪಡೆಗೆ ಇನ್‌ಫೆಂಟ್ರಿ ಅನ್ನುವುದೂ ಅಲ್ಲಿಂದಲೇ. ಜನ ಆಡಿಕೊಳ್ಳುವುದು ‘ಫಾಮಾ’, ಕೀರ್ತಿ. ದೇವರು ನುಡಿದದ್ದು ‘ಫಾತುಮ್’, ವಿಧಿ. ಸ್ಪ್ಯಾನಿಷ್‌ನಲ್ಲಿ ಅದು ‘ಹಾದೊ’, ಪೋರ್ಚುಗೀಸರಲ್ಲಿ ‘ಫಾದು’, ಅವರ ಹೆಸರುವಾಸಿ ಹಾಡಿನ ಹೆಸರು. ಕಥೆಯ ಕಿನ್ನರಿ ‘ಹಾದಾ’. ಗ್ರೀಕ್ ಕಡೆ ಇದೇ ಧಾತುವಿನಿಂದ ‘ಫೋನೆ’, ಅಂದರೆ ದನಿ. ನಿಮ್ಮ ಕೈಯಲ್ಲಿರುವ ಫೋನ್ ಹಬ್ಲಾರ್‌ಗೆ ದೂರದ ಸೋದರ ಸಂಬಂಧಿ.

ಫ್ರೆಂಚರು ಹಬ್ಲಾರನ್ನೇ 16ನೇ ಶತಮಾನದಲ್ಲಿ ಎರವಲು ಪಡೆದು ‘ಆಬ್ಲೆ’ ಮಾಡಿಕೊಂಡರು. ಅರ್ಥ ಮಾತಾಡು ಅಲ್ಲ, ಬಡಾಯಿ ಕೊಚ್ಚು! ಸ್ಪ್ಯಾನಿಯಾರ್ಡರೂ ಬಿಡಲಿಲ್ಲ. ಫ್ರೆಂಚರ ಪಾರ್ಲೆ ಗುಂಪಿನ ಪದ ಇವರಲ್ಲಿ ‘ಪಾರ್ಲಾಂಚೀನ್’, ವಟವಟ ಅನ್ನುವವನು. ಪಕ್ಕದ ಮನೆಯವರ ಮಾತು ಯಾವಾಗಲೂ ಜಾಸ್ತಿಯೇ ಅನಿಸುತ್ತದೆ.

ಎಚ್ಚರಿಕೆ ಒಂದು. ಹ ಕಂಡ ಕಡೆಯೆಲ್ಲ ಫ ಹುಡುಕಬೇಡಿ. ಹೋಂಬ್ರೆ (ಗಂಡಸು), ಹೋರಾ (ಗಂಟೆ) ಲ್ಯಾಟಿನ್ನಿನಲ್ಲೇ ಹ ಇದ್ದವು. ಹುಯೆವೊ (ಮೊಟ್ಟೆ), ಹುಯೆಸೊ (ಮೂಳೆ) ಪದಗಳಿಗೆ ಹ ಮೂಲದಲ್ಲಿ ಇರಲೇ ಇಲ್ಲ. ಹಿಂದೆ ಉ ಮತ್ತು ವ ಬರೆಯಲು ಒಂದೇ ಅಕ್ಷರ. ಇದನ್ನು ಉ ಅಂತ ಓದಿ ಎಂದು ತೋರಿಸಲು ಮುಂದೆ ಒಂದು ಹ ನಿಲ್ಲಿಸಿದರು. ಅಷ್ಟೇ.

ಧಾರವಾಡ_ಪೇಡೆ

ನಮ್ಮಲ್ಲೂ ಹಸ್ತ, ಹಿತ, ಹವಾ, ಹಾಜರಿ ಇವಕ್ಕೆ ಪ ಹುಡುಕಿದರೆ ಸಿಗುವುದಿಲ್ಲರೀ. ಅವು ಬರುವಾಗಲೇ ಹ ಹೊತ್ತು ಬಂದವು.

ಇನ್ನೊಂದು ಮಾತು. ಶುರುವಿನಿಂದ ಹೇಳು ಮತ್ತು ಹಬ್ಲಾರ್ ಅಂತ ಜೋಡಿ ಮಾಡಿದ್ದೀರಿ. ಹಬ್ಲಾರ್ ಅಂದರೆ ಮಾತಾಡು ಅಲ್ಲವೇನ್ರೀ? ಹೇಳು ಅನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ ಬೇರೆ ಪದ ಇರಬೇಕಲ್ಲ?

ಹಳೆಗನ್ನಡದ_ಹುಚ್ಚು

ಇದೆ, ‘ದೆಸೀರ್’. ಸಂಬಂಧ ಹುಡುಕುವವರು ಹೋಗಬೇಕಾದದ್ದು ಈ ಕಡೆ. ಲ್ಯಾಟಿನ್ನಿನ ‘ದಿಕೆರೆ’ಗೂ ಸಂಸ್ಕೃತದ ‘ದಿಶ್’ ಧಾತುವಿಗೂ ಮೂಲ ಒಂದೇ, ಅರ್ಥ ‘ತೋರಿಸು’. ಲ್ಯಾಟಿನ್ನಿನಲ್ಲಿ ಮಾತಿನಿಂದ ತೋರಿಸುವುದು ‘ಹೇಳು’ ಆಯಿತು. ನಮಗೆ ಸಂಸ್ಕೃತದಿಂದ ದಿಕ್ಕು, ಆದೇಶ, ಉಪದೇಶ ಬಂದವು. ಹಾಗಾಗಿ ದೆಸೀರ್ ಮತ್ತು ಸರ್ಕಾರಿ ಆದೇಶ ನಿಜವಾದ ನೆಂಟರು. @ಎಲ್ಲಾ_ಕನ್ನಡವೇ ಅವರಿಗೆ ಇದು ಸಾಕಾ?

ಎಲ್ಲಾ_ಕನ್ನಡವೇ

ಸಂಸ್ಕೃತದ ಮೂಲಕ ಅಂದರೆ ನನಗೆ ಲೆಕ್ಕಕ್ಕಿಲ್ಲ.

ವೇಲೆನ್ಸಿಯಾ_ವಾಸಿ

😀 ದೆಸೀರ್ ಬಳಕೆ ಒಂದಂತೂ ನಮ್ಮವರಿಗೆ ಖುಷಿ ಕೊಡುತ್ತದೆ. ಸ್ಪೇನಿನಲ್ಲಿ ಫೋನ್ ಎತ್ತಿದರೆ ಹಲೋ ಬದಲು ‘ದೀಗಾ’ ಅನ್ನುತ್ತಾರೆ, ‘ದೀಗಾಮೆ’ ಅಂತಲೂ ಉಂಟು. ದೀಗಾ ಅಂದರೆ ‘ಹೇಳಿ’. ಊರಲ್ಲಿ ನಮ್ಮಪ್ಪ ಫೋನ್ ಎತ್ತುವುದೂ ‘ಹೇಳಿ’ ಅಂತಲೇ. @ಅ_ಆ_ಇ_ಸ್ಪ್ಯಾನಿಷ್, ಧೈರ್ಯವಾಗಿ ಬಳಸಿ. ಮೆಕ್ಸಿಕೋದವರ ಜೊತೆ ಮಾತ್ರ ‘ಬುಯೆನೊ’ ಅನ್ನಿ, ಅಲ್ಲಿ ಅದೇ ರೂಢಿ.